ಎಂಜಲು ಪೆನ್‌ಡ್ರೈವ್

ಪೆನ್‌ಡ್ರೈವ್ ಅಂದರೆ ಎಂಜಲು. ಈ ಮಾತನ್ನು ಮನೆಯವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಒಂದು ಕಂಪ್ಯೂಟರಿನ ಬಾಯಿಂದ ಕಿತ್ತು ಇನ್ನೊಂದರ ಬಾಯಿಗೆ ತುರುಕುವ ವಸ್ತುವಿಗೆ ಬೇರೇನು ಹೆಸರಿಡಬೇಕು? ಝೆರಾಕ್ಸ್ ಅಂಗಡಿ, ಫೋಟೊ ಸ್ಟುಡಿಯೋ, ಯಾರದೋ ಟಿವಿ, ಇನ್ಯಾರದೋ ಟ್ರ್ಯಾಕ್ಟರಿನ ಟೇಪು, ಇಷ್ಟೆಲ್ಲ ಕಡೆ ಬಾಯಿ ಹಾಕಿ ಬಂದದ್ದನ್ನು ಅಂಗಿಯ ಜೇಬಿನಿಂದ ತೆಗೆದು, ಅದರ ಮೇಲೆ ಒಮ್ಮೆ ಉಫ್ ಎಂದು ಊದಿ, ನನ್ನ ಕಂಪ್ಯೂಟರಿಗೆ ಚುಚ್ಚಲು ಬರುತ್ತಾರೆ. ಊದಿದರೆ ಶುದ್ಧವಾಯಿತು! ಆ ಊದುವುದನ್ನು ಕಂಡರೇ ನನಗೆ ಮೈಯೆಲ್ಲ ಉರಿಯುತ್ತದೆ.

ಎಂಜಲೆಂದರೆ ಹೇಸುವುದನ್ನು ನನಗೆ ಕಲಿಸಿದವಳು ಅವ್ವ. ಅವಳು ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ವಖಾರು ಅಂದರೆ ತಂಬಾಕು ತುಂಬಿಡುವ ದೊಡ್ಡ ಗೋದಾಮು. ಹೆಂಗಸರು ಸಾಲಾಗಿ ಕುಳಿತು ಎಲೆ ಬಿಡಿಸುವುದು, ಜರಡಿ ಹಿಡಿಯುವುದು ಅಲ್ಲೇ. ಎಲ್ಲರಿಗೂ ಸೇರಿ ಒಂದು ಕೊಡ ನೀರು, ಒಂದೇ ತಂಬಿಗೆ. ಎಲ್ಲರಿಗೂ ಕೆಮ್ಮು. ರಜೆಯಲ್ಲಿ ನಾನು ಅವಳ ಜೊತೆ ಹೋದರೆ ತಂಬಿಗೆ ಕೈಗೆ ಕೊಡುವ ಮೊದಲೇ ಎಚ್ಚರಿಸುತ್ತಿದ್ದಳು: "ಎತ್ತಿ ಕುಡಿ. ತುಟಿ ಹಚ್ಚಿದ್ರ ನೋಡ ಮತ್ತ!" ಕತ್ತು ಹಿಂದಕ್ಕೆ ಚೆಲ್ಲಿ, ನೀರು ಮೂಗಿಗೆ ಹೋಗಿ, ಅಂಗಿ ತೊಯ್ದು, ಅಂತೂ ಕಲಿತೆ. ಇವತ್ತಿಗೂ ನಾನು ಎತ್ತಿಯೇ ಕುಡಿಯುವುದು. ಗಂಡ ಕುಡಿದ ಲೋಟಕ್ಕೂ ತುಟಿ ತಾಗಿಸಿದವಳಲ್ಲ.

ಹಾಗೆ ಕಲಿಸಿದವಳ ಬಾಯಲ್ಲೇ ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಸುಟ್ಟು ಕರ್ರಗೆ ಪುಡಿ ಮಾಡಿ, ಹಲ್ಲಿಗೆ ತಿಕ್ಕುತ್ತ ಗಂಟೆಗಟ್ಟಲೆ ಕೂರುವುದು. ಬಚ್ಚಲಿನ ಗೋಡೆ, ಹಿತ್ತಲಿನ ಕಲ್ಲು ಎಲ್ಲ ಕರಿ ಉಗುಳು. ನನಗೆ ಆ ವಾಸನೆಗೇ ವಾಕರಿಕೆ. "ಅವ್ವಾ, ಇದರಷ್ಟ ಹೊಲಸ ಬ್ಯಾರೇದ ಇಲ್ಲ ನೋಡ" ಎಂದರೆ ನಕ್ಕು, ಇನ್ನೊಂದು ಚಿಟಿಕೆ ಬಾಯಿಗೆ ಹಾಕುತ್ತಿದ್ದಳು. ಕೊನೆಗೆ ಗಂಟಲಲ್ಲಿ ಗಡ್ಡೆ ಎದ್ದಿತು. ಮಿರಜಿನ ದವಾಖಾನೆಯಲ್ಲಿ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಜೀವ ಉಳಿಯುತ್ತದೆ, ಧ್ವನಿ ಹೋಗುತ್ತದೆ ಎಂದರು.

ಅವ್ವನ ಧ್ವನಿ ಎಂದರೆ ಬರೀ ಮಾತಲ್ಲ. ಅವಳು ಹಾಡುತ್ತಿದ್ದಳು. ಬೀಸುವಾಗ, ಕುಟ್ಟುವಾಗ, ಅರಿಷಿಣ ಹಚ್ಚುವಾಗ, ಎಲ್ಲಕ್ಕೂ ಅವಳಲ್ಲಿ ಹಾಡಿತ್ತು. ಅವುಗಳಲ್ಲಿ ಒಂದನ್ನು ಅವಳೇ ಕಟ್ಟಿದ್ದಳು. ನಾನು ಕೂಸಿದ್ದಾಗ ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇರಲಿಲ್ಲವಂತೆ. ವಖಾರಿಗೇ ಒಯ್ದು, ಖಾಲಿ ಚೀಲಗಳ ಹಿಂದೆ ಬಚ್ಚಿಟ್ಟು ಮಲಗಿಸುತ್ತಿದ್ದಳು. ಕೂಸು ತಂದವಳನ್ನು ಕೆಲಸದ ಮೇಲ್ವಿಚಾರಕ ಮುಕಾದಮ ಹೊರಗೆ ಹಾಕುತ್ತಿದ್ದ. ಅತ್ತರೆ ಹಾಲು ಕೊಟ್ಟು ಸುಮ್ಮನಾಗಿಸಬಹುದು, ತಂಬಾಕಿನ ಘಾಟಿಗೆ ಬರುವ ಸೀನನ್ನು ಏನು ಕೊಟ್ಟು ನಿಲ್ಲಿಸುವುದು? ಅದಕ್ಕೇ ಈ ಜೋಗುಳ:

ಸೀನಬ್ಯಾಡ ನನ ಕೂಸ, ಸೀನಬ್ಯಾಡ,
ಮುಕಾದಮ ಬರತಾನ, ಸೀನಬ್ಯಾಡ.

ಮುಂದೆ ಮುಕಾದಮನ ಮೀಸೆ, ಅವನ ಕೋಲು, ಅವನ ಹೊಟ್ಟೆ ಎಲ್ಲ ಬರುತ್ತಿದ್ದವು. ಆ ಹಾಡು ಅವ್ವನ ಬಾಯಿ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಅದನ್ನು ಕೇಳಿ ನಿದ್ದೆ ಹೋದವಳು ನಾನೊಬ್ಬಳೇ.

ಆಪರೇಷನ್ನಿಗೆ ಮೊದಲು ಅವ್ವನನ್ನು ಚಿಕ್ಕೋಡಿಗೆ, ನಮ್ಮ ಮನೆಗೆ ಕರೆತಂದೆ. ನಾನು ಇಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ತೆಗೆದುಕೊಂಡ ಕಂಪ್ಯೂಟರು ನಡುಮನೆಯಲ್ಲಿದೆ. ಅದಕ್ಕೊಂದು ಮೈಕು ಜೋಡಿಸಿ ಅವ್ವನನ್ನು ಮುಂದೆ ಕೂರಿಸಿದೆ. "ನನ್ನ ದನಿ ಉಪ್ಪಿನಕಾಯಿ ಏನ, ಡಬ್ಬ್ಯಾಗ ಹಾಕಿಡಾಕ?" ಎಂದಳು. ಆದರೂ ಹಾಡಿದಳು. ನಡುನಡುವೆ ಕೆಮ್ಮುತ್ತ, ನೀರು ಕುಡಿಯುತ್ತ, ಗಂಟಲು ಒರಟಾಗಿದ್ದರೂ ಒಂದೂ ಬಿಡದೆ ಹಾಡಿದಳು. ಆಪರೇಷನ್ ಆದ ಮೇಲೆ ಅವಳ ಕುತ್ತಿಗೆಯಲ್ಲಿ ಉಳಿದದ್ದು ಉಸಿರಾಡಲು ಒಂದು ತೂತು, ಅದರ ಮೇಲೆ ಒಂದು ಬಿಳಿ ಬಟ್ಟೆ. ತುಟಿ ಆಡುತ್ತವೆ, ಶಬ್ದ ಇಲ್ಲ. ಕತ್ತು ಹಿಂದಕ್ಕೆ ಬಾಗುವುದಿಲ್ಲವಾದ್ದರಿಂದ ಎತ್ತಿ ಕುಡಿಯುವುದೂ ನಿಂತಿತು. ಲೋಟಕ್ಕೆ ತುಟಿ ಹಚ್ಚಿ ಗುಟುಕು ಗುಟುಕಾಗಿ ಕುಡಿಯುವಾಗ ನನ್ನ ಕಡೆ ನೋಡದೆ ಗೋಡೆಯ ಕಡೆ ತಿರುಗುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಕಂಪ್ಯೂಟರು ಬೇಕು. ಶಾಲೆಯ ಊಟದ ಬಿಡುವಿನಲ್ಲಿ ಬಂದು ನಾನು ಹಚ್ಚಿಕೊಡುತ್ತಿದ್ದೆ. ತನ್ನ ಹಾಡನ್ನು ತಾನೇ ಕೇಳುತ್ತ, ತುಟಿ ಆಡಿಸುತ್ತ ಕೂರುತ್ತಿದ್ದಳು.

ಅಂಥದ್ದನ್ನು ಒಳಗಿಟ್ಟುಕೊಂಡ ಕಂಪ್ಯೂಟರಿಗೆ ನಾನು ಎಷ್ಟು ಮಡಿ ಮಾಡಿದ್ದೆ! ಕದ್ದ ಸಾಫ್ಟ್‌ವೇರ್ ಹಾಕಿಸಲಿಲ್ಲ. ಆಂಟಿವೈರಸ್ಸನ್ನು ರೊಕ್ಕ ಕೊಟ್ಟೇ ತಂದೆ. ಅಪ್‌ಡೇಟ್ ಎಂದು ಅದು ಕೇಳಿದಾಗಲೆಲ್ಲ ಕೆಲಸ ನಿಲ್ಲಿಸಿ ಮಾಡಿಸಿದೆ. ಗುರುತಿಲ್ಲದವರ ಮೇಲ್ ತೆರೆಯಲಿಲ್ಲ. ಇನ್ನೊಂದು ಹಾರ್ಡ್‌ಡಿಸ್ಕ್ ತಂದು ಎಲ್ಲ ಹಾಡಿನ ಎರಡನೆಯ ಪ್ರತಿ ಅದರಲ್ಲಿಟ್ಟೆ. ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟರೆ ಯಾರಾದರೂ ಸಿನಿಮಾ ತುಂಬಿಕೊಳ್ಳಲು ಒಯ್ದಾರೆಂದು ಕಂಪ್ಯೂಟರಿನ ಬೆನ್ನಿಗೇ ಸದಾ ಸಿಕ್ಕಿಸಿಟ್ಟೆ. ಇನ್ನೊಬ್ಬರ ಕೈ ತಾಗದಿದ್ದರೆ ಸಾಕು, ಎಲ್ಲ ಕ್ಷೇಮ ಎಂದು ನನ್ನ ತಿಳಿವಳಿಕೆ.

ಕೈ ಹಾಕಿದವನು ನನ್ನ ಮೈದುನ. ಐಗಳಿಯಲ್ಲಿ ಹೊಲ ನೋಡಿಕೊಂಡಿದ್ದಾನೆ, ಸ್ವಂತ ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಾನೆ. ಒಂದು ದಿನ ನಾನು ಶಾಲೆಯಲ್ಲಿದ್ದಾಗ ಬಂದು, ಅವ್ವನ ಮುಂದೆಯೇ ತನ್ನ ಪೆನ್‌ಡ್ರೈವ್ ಚುಚ್ಚಿ ಸೀನಬ್ಯಾಡ ಹಾಡನ್ನು ತುಂಬಿಕೊಂಡು ಹೋದ. ನನಗೆ ಗೊತ್ತಾದದ್ದು ಐಗಳಿಗೆ ಹೋದಾಗ. ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರು, ಅದರಲ್ಲಿ ಒಂದು ಅಶ್ಲೀಲ ಹಾಡು, ಅದು ಮುಗಿದದ್ದೇ ಅವ್ವನ ಜೋಗುಳ, ಅದರ ಬೆನ್ನಿಗೆ ಇನ್ನೊಂದು ಅಶ್ಲೀಲ ಹಾಡು. ಕಬ್ಬು ಕಡಿಯುವವರು ಕುಳಿತು ನಗುತ್ತಿದ್ದಾರೆ.

"ನಮ್ಮವ್ವನ ಹಾಡ ಈ ಹೊಲಸಿನಾಗ ಕಲಸೀಯೇನೋ?" ಎಂದು ಎಲ್ಲರ ಮುಂದೆ ಬೈದೆ.

"ಹಂಗ್ಯಾಕಂತೀರಿ ವೈನಿ, ಮಂದಿಗಿ ಭಾಳ ಸೇರೇತ್ರಿ. ಎಲ್ಲಾರೂ ಕೇಳಿ ಕೇಳಿ ತುಂಬಿಸಿಕೊಂಡ ಹೋಗ್ಯಾರ."

ಎಲ್ಲಾರೂ! ಯಾವ ಯಾವ ಬಾಯಿಗೆ ಬಿತ್ತೋ! ಅಲ್ಲೇ ಅಳಿಸಿಹಾಕೆಂದು ಪಟ್ಟು ಹಿಡಿದೆ. ಅವನು ನನ್ನ ಕಣ್ಣೆದುರೇ ಅದೊಂದನ್ನು ಅಳಿಸಿದ. ಇನ್ನು ಮೇಲೆ ಈ ಮನೆಯ ಕಂಪ್ಯೂಟರಿಗೆ ಯಾರ ಪೆನ್‌ಡ್ರೈವೂ ಇಲ್ಲ ಎಂದು ಗಂಡನಿಗೂ ಹೇಳಿದೆ.

ಮರುವರ್ಷ ನಾದಿನಿಯ ಮಗನ ಲಗ್ನ ಗೊತ್ತಾಯಿತು. ಅವರು ನನ್ನ ಗಂಡನಿಗೆ ಅಕ್ಕ, ಇರುವುದು ರಾಯಬಾಗದಲ್ಲಿ. ಹೆಣ್ಣು ಕೊಲ್ಹಾಪುರದ ಕಡೆಯದು. ಹಾಗಾಗಿ ನಮ್ಮ ಈ ಭಾಗದ ರೂಢಿಯಂತೆ ಲಗ್ನಪತ್ರಿಕೆ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಬೀಗರ ಅಡ್ಡಹೆಸರು ಮರಾಠಿ ಬದಿಯಲ್ಲಿ ತಪ್ಪಾಗಿ ಬಿದ್ದಿತ್ತು. ಬೆಳಗಾದರೆ ಅಚ್ಚಿಗೆ ಹೋಗಬೇಕು, ಮಾಡಿಕೊಟ್ಟ ಅಂಗಡಿ ಅಂದು ಬಂದಾಗಿದೆ. ಅಕ್ಕ ಮೈದುನನ ಗಾಡಿ ಹತ್ತಿ ಸೀದಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಪೆನ್‌ಡ್ರೈವ್. ಅದಕ್ಕೂ ಅರಿಷಿಣ ಕುಂಕುಮ ಹಚ್ಚಿದ್ದರು.

"ಅಕ್ಕಾರ, ನಾ ಪೆನ್‌ಡ್ರೈವ್ ಹಾಕಸೂದಿಲ್ರಿ" ಎಂದೆ.

"ಲಗ್ನದ ಕಾರ್ಡ ಐತವಾ ಇದು. ಮನಿಗಿ ಬಂದ ಲಗ್ನಪತ್ರಿಕಾ ಯಾರರ ಬ್ಯಾಡ ಅಂತಾರೇನ?" ಎಂದರು. ಕಣ್ಣಲ್ಲಿ ನೀರು ಬೇರೆ.

ಸರಿ, ಮೊದಲು ಆಂಟಿವೈರಸ್ಸಿನಿಂದ ಪರೀಕ್ಷೆ ಮಾಡಿಯೇ ತೆರೆಯುತ್ತೇನೆಂದು ಹಾಕಿದೆ. ಕಾರ್ಡಿಗೆ ಅದು ಏನೂ ಅನ್ನಲಿಲ್ಲ. ತೆರೆದರೆ ಕನ್ನಡದ ಬದಿ ನೆಟ್ಟಗಿದೆ, ಮರಾಠಿ ಬದಿ ಪೂರ್ತಿ ಚೌಕ ಚೌಕ. ಆ ಅಕ್ಷರ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದೇ ಪೆನ್‌ಡ್ರೈವಿನಲ್ಲಿ ಮರಾಠಿ ಫಾಂಟು ಹಾಕುವ ಫೈಲೂ ಇತ್ತು, ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡದ್ದು. ಅದನ್ನೂ ಪರೀಕ್ಷೆಗೆಂದು ನಾನು ಒತ್ತಿದ್ದೇ ತಡ, ತೆರೆದಿದ್ದ ಲಗ್ನಪತ್ರಿಕೆಯ ಮೇಲೆ, ಸರಿಯಾಗಿ ಗಣಪತಿಯ ಮುಖಕ್ಕೆ ಅಡ್ಡವಾಗಿ, ಆಂಟಿವೈರಸ್ಸಿನ ಕೆಂಪು ಪಟ್ಟಿ ಬಿತ್ತು. ಅಪಾಯ, ತಡೆಯಲಾಗಿದೆ ಎಂದು. ಅಕ್ಕ ಎದೆಗೆ ಕೈ ಇಟ್ಟುಕೊಂಡರು.

"ನೋಡ್ರಿ, ಈ ಫಾಂಟ್ ಕೆಟ್ಟೈತಿ. ಬ್ಯಾರೆ ಚೊಲೋ ಫಾಂಟ್ ನಾನ ಹುಡುಕತೇನಿ. ಅಲ್ಲೀತನಕಾ ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಚಹಾ ಇಡಲು ಒಳಗೆ ಹೋದೆ. ಲಗ್ನಪತ್ರಿಕೆ ತಂದವರನ್ನು ಚಹಾ ಕೊಡದೆ ಕೂರಿಸಲಾಗುತ್ತದೆಯೇ?

ಚಹಾ ತಂದಾಗ ಮರಾಠಿ ಅಕ್ಷರಗಳು ಮುತ್ತು ಪೋಣಿಸಿದಂತೆ ಸಾಲಾಗಿ ನಿಂತಿದ್ದವು. "ಬಂತ್ರಿ ವೈನಿ, ತಾನ ಬಂತು" ಎಂದ ಮೈದುನ. ಆಂಟಿವೈರಸ್ಸೇ ಏನೋ ಸರಿಮಾಡಿರಬೇಕು ಎಂದುಕೊಂಡು ಬೀಗರ ಅಡ್ಡಹೆಸರು ತಿದ್ದಿಕೊಟ್ಟೆ. ಇಬ್ಬರೂ ಉಪ್ಪಿಟ್ಟು ತಿಂದು, ಅವ್ವನ ಕಾಲಿಗೆ ನಮಸ್ಕರಿಸಿ ಹೋದರು.

ಮರುದಿನ ಮಧ್ಯಾಹ್ನ ಅವ್ವ ಎಂದಿನಂತೆ ಕಂಪ್ಯೂಟರಿನ ಮುಂದೆ ಕುಳಿತಳು. ಅಂದು ಶಾಲೆಗೆ ರಜೆ. ಹಾಡು ಹಚ್ಚಲು ಹೋದರೆ ಒಂದೂ ತೆರೆಯಲೊಲ್ಲದು. ಪ್ರತಿಯೊಂದು ಫೈಲಿನ ಹೆಸರಿಗೂ ಹಿಂದೆ ಒಂದು ಅರ್ಥವಿಲ್ಲದ ಬಾಲ ಅಂಟಿಕೊಂಡಿದೆ. ಪ್ರಶ್ನೆಪತ್ರಿಕೆಗಳು, ಫೋಟೊಗಳು, ಹಾಡುಗಳು, ಎಲ್ಲಕ್ಕೂ ಬೀಗ. ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಸೂಚನೆ: ಹಣ ಕಳಿಸಿದರೆ ಬೀಗ ತೆಗೆಯುತ್ತೇವೆ. ಬೆನ್ನಿಗೆ ಸಿಕ್ಕಿಸಿದ್ದ ಹಾರ್ಡ್‌ಡಿಸ್ಕನ್ನು ನೋಡಿದೆ. ಸದಾ ಅಂಟಿಕೊಂಡೇ ಇದ್ದುದರಿಂದ ಅದನ್ನೂ ವೈರಸ್ಸು ಹಾಗೇ ಮೇದು ಹೋಗಿತ್ತು. ಎಲ್ಲಿಯೋ ಕುಳಿತ, ಮುಖವೂ ಇಲ್ಲದ ಯಾವನೋ ನಮ್ಮವ್ವನ ಬಾಯಿಗೆ ಎರಡನೆಯ ಸಲ ಬಟ್ಟೆ ಕಟ್ಟಿದ್ದ. ಥೂ ಎಂದೆ. ಅದಕ್ಕಿಂತ ಸರಿಯಾದ ಮಾತು ನನಗೆ ಅವತ್ತೂ ಸಿಗಲಿಲ್ಲ, ಇವತ್ತೂ ಸಿಕ್ಕಿಲ್ಲ.

ಮೈದುನನಿಗೆ ಫೋನು ಹಚ್ಚಿದೆ. "ಆ ಆಂಟಿವೈರಸ್ ಸುಮ್ಮ ಸುಮ್ಮನ ಒದರಾಕತ್ತಿತ್ರಿ ವೈನಿ. ಅದಕ್ಕ ಹತ್ತ ಮಿನಿಟ ಬಂದ್ ಮಾಡಿ ಫಾಂಟ್ ಹಾಕಿದ್ನಿ. ಮತ್ತ ಚಾಲೂ ಮಾಡೂದು ಮರತೆ" ಎಂದ. ಲಗ್ನದ ಕೆಲಸಕ್ಕೆ ಅವನಿನ್ನೂ ರಾಯಬಾಗದಲ್ಲೇ ಇದ್ದ, ಫೋನು ಅಕ್ಕನ ಕೈಗೆ ಹೋಯಿತು. "ಅವನ್ನ ಬೈಬ್ಯಾಡವಾ. ನಾನ ಬಂದ್ ಮಾಡಂದೆ. ಗಣಪತಿ ಮಾರಿ ಮ್ಯಾಗ ಕೆಂಪ ಬಿದ್ರ ಅಪಶಕುನ ಅಲ್ಲೇನ? ಲಗ್ನದ ಮನಿ ನಮ್ದು" ಎಂದರು.

ಕಾವಲಿಗಿದ್ದುದನ್ನು ಅಪಶಕುನವೆಂದು ಹೊರಗೆ ಹಾಕಿ, ಕಳ್ಳನಿಗೆ ಕುಂಕುಮ ಹಚ್ಚಿ ಒಳಗೆ ಕರೆದಿದ್ದರು. ಮನೆಯ ಹೊಸಿಲು ತೊಳೆಯುತ್ತಾರೆ, ಕಂಪ್ಯೂಟರಿಗೆ ಕಸೂತಿಯ ಬಟ್ಟೆ ಹೊದಿಸುತ್ತಾರೆ, ಚಪ್ಪಲಿ ಹಾಕಿಕೊಂಡು ಅದರ ಹತ್ತಿರ ಹೋದರೆ ಬೈಯುತ್ತಾರೆ. ಒಳಗೆ ಏನು ಹೋಗುತ್ತದೆ ಎಂಬುದು ಮಾತ್ರ ಯಾರಿಗೂ ಬೇಡ. ಗಂಡ ಕಂಪ್ಯೂಟರನ್ನು ಬೆಳಗಾವಿಗೂ ಒಯ್ದು ತೋರಿಸಿ ಬಂದರು. ಈ ಬೀಗಕ್ಕೆ ಸದ್ಯ ಕೀಲಿ ಇಲ್ಲ, ಹಣ ಕೊಟ್ಟರೂ ತೆಗೆಯುವ ಖಾತ್ರಿ ಇಲ್ಲ ಎಂದರಂತೆ. ಎಲ್ಲ ಅಳಿಸಿ ಹೊಸದಾಗಿ ಮಾಡಿಸಿಕೊಂಡೆವು. ಮೈದುನನ ಪೆನ್‌ಡ್ರೈವಿನ ಆ ಒಂದು ಹಾಡನ್ನಂತೂ ನಾನೇ ಅಳಿಸಿಸಿದ್ದೆ, ಅವನಿಂದ ತುಂಬಿಸಿಕೊಂಡವರು ಯಾರು ಯಾರೆಂದು ಅವನಿಗೇ ನೆನಪಿರಲಿಲ್ಲ.

ಲಗ್ನಕ್ಕೆ ಹೋದೆ, ಹೋಗದಿದ್ದರೆ ಮಾತು ಬರುತ್ತದೆ. ಬೀಗರ ಅಡ್ಡಹೆಸರು ಸರಿಯಾಗಿ ಬಿದ್ದದ್ದಕ್ಕೆ ಅವರೆಲ್ಲ ನನ್ನನ್ನು ಹೊಗಳಿದರು.

ಹಾಡು ಇನ್ನು ಬರುವುದಿಲ್ಲ ಎಂದು ಅವ್ವನಿಗೆ ಹೇಳುವುದೇ ಕಷ್ಟವಾಯಿತು. ಹೇಳಿದೆ. ಹೋಗಲಿ ಬಿಡು ಎನ್ನುವಂತೆ ಕೈ ಬೀಸಿದಳು. ಆದರೆ ಮಧ್ಯಾಹ್ನವಾದರೆ ಅದೇ ಕುರ್ಚಿಗೆ ಬಂದು, ಕಪ್ಪು ಪರದೆಯ ಮುಂದೆ ಸ್ವಲ್ಪ ಹೊತ್ತು ಕುಳಿತು ಏಳುತ್ತಿದ್ದಳು. ಅವಳ ತುಟಿ ಆಡುವುದು ನಿಂತುಹೋಗಿತ್ತು.

ಕಬ್ಬಿನ ಸುಗ್ಗಿ ಬಂತು. ಅವ್ವನನ್ನು ಮಿರಜಿಗೆ ತಪಾಸಣೆಗೆ ಒಯ್ದು ಬಸ್ಸಿನಲ್ಲಿ ವಾಪಸಾಗುತ್ತಿದ್ದೆವು. ಕಾಗವಾಡ ದಾಟಿದ ಮೇಲೆ ಮುಂದೆಲ್ಲೋ ಒಂದು ಟ್ರಾಲಿ ಮಗುಚಿ ಹಾದಿ ಕಟ್ಟಿತ್ತು. ಬಸ್ಸು ನಿಂತಿತು. ಮುಂದೆ ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಮಟಮಟ ಮಧ್ಯಾಹ್ನ, ಧೂಳು, ಹೊಗೆ, ಹಾದಿಯ ತುಂಬ ಗುಟಕಾ ಚೀಟಿ, ಉಗುಳು. ಒಂದೊಂದು ಟ್ರ್ಯಾಕ್ಟರಿನಲ್ಲೂ ಒಂದೊಂದು ಸ್ಪೀಕರು, ಒಂದು ಕನ್ನಡ ಒಂದು ಮರಾಠಿ, ಎಲ್ಲವೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಒಳಗೆ ಸೆಕೆ ತಾಳದೆ ಅವ್ವನನ್ನು ಇಳಿಸಿ ಬೇವಿನ ನೆರಳಿಗೆ ಕೂರಿಸಿದೆ. ಇಷ್ಟು ಗದ್ದಲ ಹಾಕುವವರಿಗೆ ಕಿವಿಯಾದರೂ ಇದೆಯೋ ಇಲ್ಲವೋ ಎಂದು ಬೈದುಕೊಳ್ಳುತ್ತ ನಿಂತಿದ್ದೆ.

ಅವ್ವ ನನ್ನ ಸೆರಗು ಎಳೆದಳು. ಒಂದು ಟ್ರ್ಯಾಕ್ಟರಿನ ಕಡೆ ಬೆರಳು ಮಾಡುತ್ತಿದ್ದಾಳೆ.

ಸೀನಬ್ಯಾಡ ನನ ಕೂಸ, ಸೀನಬ್ಯಾಡ.

ಅವ್ವನದೇ ಧ್ವನಿ. ನಾನು ಮೈಕು ಹಿಡಿದು ತುಂಬಿದ್ದು. ಆದರೆ ಅದರ ಅಡಿಗೆ ಯಾವನೋ ಡಿಜೆ ಢಂ ಢಂ ಎಂದು ಬಡಿತ ಸೇರಿಸಿದ್ದಾನೆ, ನಡುವೆ ತನ್ನದೊಂದು ಕೇಕೆ. ಮುಕಾದಮನ ಹೊಟ್ಟೆಯ ಸಾಲು ಬಂದಾಗ ಅದನ್ನೇ ನಾಲ್ಕು ಸಲ ತಿರುಗಿಸಿದ್ದಾನೆ. ಅವ್ವನ ಕೆಮ್ಮನ್ನೂ ಬಿಟ್ಟಿಲ್ಲ, ಅದನ್ನೂ ತಾಳಕ್ಕೆ ಕೂರಿಸಿದ್ದಾನೆ. ಸುಗ್ಗಿಯ ಹಾದಿಯ ಎಂಜಲನ್ನೆಲ್ಲ ಮೈಗೆ ಹಚ್ಚಿಕೊಂಡು ಬಂದಿತ್ತು ಹಾಡು. ನನಗೆ ಅಳು ಬಂತೋ ವಾಕರಿಕೆ ಬಂತೋ ಹೇಳಲಾರೆ.

ಓಡಿಹೋಗಿ ಕೇಳಿದೆ, "ಅಣ್ಣಾರ, ಈ ಹಾಡ ಎಲ್ಲೀದ್ರಿ?"

ನಡುವಯಸ್ಸಿನ ಡ್ರೈವರ್ ಗುಟಕಾ ಒಂದು ಬದಿಗೆ ಸರಿಸಿಕೊಂಡ. "ಯಾರ ಹಾಡ್ಯಾರೋ ಗೊತ್ತಿಲ್ರಿ ಅಕ್ಕಾರ. ಎಲ್ಲಾರ ಕಡೆ ಐತ್ರಿ. ಫ್ಯಾಕ್ಟರಿ ಮುಂದ ಪಾಳಿ ಹಚ್ಚಿ ನಿಂತಾಗ ಒಬ್ಬರ ಕಡಿಂದ ಒಬ್ಬರು ತುಂಬಿಸಿಕೋತೇವ್ರಿ. ಜೋಗುಳ ಖರೆ, ಆದ್ರ ಇದನ್ನ ಹಚ್ಚಿದ್ರ ನಿದ್ದಿ ಬರೂದಿಲ್ಲ ನೋಡ್ರಿ!"

"ನಮ್ಮವ್ವ ಹಾಡ್ಯಾಳ್ರಿ" ಎಂದೆ. "ಅಲ್ಲಿ ಕುಂತಾಳ ನೋಡ್ರಿ."

ಅವನು ಬೇವಿನ ಕೆಳಗೆ ನೋಡಿದ. ಅವಳ ಕುತ್ತಿಗೆಯ ಬಟ್ಟೆ ನೋಡಿದ. ಕೆಳಗಿಳಿದು ಗುಟಕಾ ಉಗುಳಿ, ಟೇಪಿನ ಧ್ವನಿ ಏರಿಸಿ, ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದ.

ಅವ್ವನ ತುಟಿ ಆಡತೊಡಗಿದವು. ಢಂ ಢಂ ಬಂದಲ್ಲಿ ನಿಲ್ಲಿಸಿ, ಕೇಕೆ ಬಂದಲ್ಲಿ ಹುಬ್ಬೇರಿಸಿ, ಮತ್ತೆ ಹಿಡಿದಳು. ಮುಕಾದಮನ ಹೊಟ್ಟೆ ನಾಲ್ಕು ಸಲ ತಿರುಗಿದಾಗ ನಕ್ಕುಬಿಟ್ಟಳು. ಶಬ್ದವಿಲ್ಲದ ನಗೆ, ಭುಜ ಮಾತ್ರ ಕುಲುಕುತ್ತಿವೆ. ನಕ್ಕು ನಕ್ಕು ಕೆಮ್ಮು ಏರಿ, ಕುತ್ತಿಗೆಯ ತೂತಿನಿಂದ ಉಸಿರು ಸುಂಯ್‌ಗುಟ್ಟಿತು. ಡ್ರೈವರ್ ತನ್ನ ನೀರಿನ ಬಾಟಲಿ ತಂದು ಕೊಟ್ಟ. ಬಾಟಲಿಯ ಬಾಯಿಗೆ ಅವನ ಗುಟಕಾದ ಕೆಂಪು ಇನ್ನೂ ಅಂಟಿತ್ತು. ನಾನು ಬೇಡವೆನ್ನುವಷ್ಟರಲ್ಲಿ ಅವ್ವ ಅದಕ್ಕೆ ತುಟಿ ಹಚ್ಚಿ ಕುಡಿದಳು. ಈ ಸಲ ಮುಖ ತಿರುಗಿಸಲಿಲ್ಲ, ನನ್ನನ್ನು ನೋಡುತ್ತಲೇ ಕುಡಿದಳು.

ಡ್ರೈವರ್ ಟೇಪಿನಿಂದ ಪೆನ್‌ಡ್ರೈವ್ ಕಿತ್ತು, ಉಫ್ ಎಂದು ಊದಿ ನನ್ನ ಕೈಗಿಟ್ಟ. "ಒಯ್ಯಿರಿ ಅಕ್ಕಾರ, ನಾ ಇನ್ನೊಬ್ಬರ ಕಡೆ ತುಂಬಿಸಿಕೋತೇನಿ" ಎಂದ. ಗ್ರೀಸು, ಧೂಳು ಹತ್ತಿ ಅಂಟಂಟಾಗಿತ್ತು ಅದು. ಒಳಗೆ ಎಷ್ಟು ವೈರಸ್ಸುಗಳು ಸಂಸಾರ ಹೂಡಿದ್ದವೋ. ಮನೆಗೆ ಹೋಗಿ ಆಂಟಿವೈರಸ್ಸಿನ ಕೈಗೆ ಕೊಟ್ಟು, ಹಾಡೊಂದನ್ನೇ ತೆಗೆದುಕೊಂಡು, ಇದರ ಪ್ರತಿಯಿರುವ ಡಿಸ್ಕನ್ನು ಈ ಸಲ ಬಿಚ್ಚಿ ಕಪಾಟಿನಲ್ಲಿಡಬೇಕು ಎಂದುಕೊಳ್ಳುತ್ತ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ.

ಅವ್ವ ಬಾಟಲಿಯನ್ನು ನನ್ನ ಕಡೆ ಚಾಚಿದಳು. ಬಿಸಿಲಿಗೆ ನನ್ನ ಗಂಟಲೂ ಒಣಗಿತ್ತು. ಬಾಟಲಿಯ ಬಾಯಿ ನೋಡಿದೆ. ಹೇಸಿಕೆ ಬಂತು, ಬರಲಿಲ್ಲವೆಂದು ಹೇಗೆ ಹೇಳಲಿ? ಅಭ್ಯಾಸದಂತೆ ಕತ್ತು ಹಿಂದಕ್ಕೆ ಹೋಯಿತು. ಅವ್ವ ಇನ್ನೂ ನನ್ನನ್ನೇ ನೋಡುತ್ತಿದ್ದಳು.

ಕತ್ತು ಮುಂದಕ್ಕೆ ತಂದು, ತುಟಿ ಹಚ್ಚಿ ಕುಡಿದೆ.